ಜೀನ್ ಕೆಟ್ಟರೆ ಬ್ಯಾಕ್ಟೀರಿಯಾ ಬದಲಾಗುತ್ತದೆ, ಗೋಧಿ ಯಾಕೆ ಬದಲಾಗುವುದಿಲ್ಲ?

ಸುಗ್ಗಿ ಹೊತ್ತಿಗೆ ದಾವಣಗೆರೆ ಎಪಿಎಂಸಿಗೆ ಹೋದರೆ ಎಲ್ಲಿ ನೋಡಿದರೂ ಮೆಕ್ಕೆಜೋಳದ ರಾಶಿ. ಅದರಲ್ಲಿ ಬಹಳಷ್ಟು ಹೋಗುವುದು ಕೋಳಿ ಆಹಾರಕ್ಕೆ. ಮೆಕ್ಕೆಜೋಳದಲ್ಲಿ ಪಿಷ್ಟ ಧಾರಾಳ. ಆದರೆ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆ ಅನ್ನಿ) ಕಡಿಮೆ. ಕೋಳಿಯ ದೇಹ ಇದನ್ನು ತಾನೇ ತಯಾರಿಸಿಕೊಳ್ಳಲಾರದು. ಬರೀ ಮೆಕ್ಕೆಜೋಳ ತಿನ್ನಿಸಿದರೆ ಮರಿ ಸೊರಗುತ್ತದೆ. ಅದಕ್ಕೇ ಸೋಯಾ ಹಿಂಡಿಯ ಜೊತೆ ಲೈಸಿನ್ ಪುಡಿಯನ್ನೂ ಬೆರೆಸುತ್ತಾರೆ. ಆ ಲೈಸಿನ್ ಬರುವುದು ಒಂದು ಬ್ಯಾಕ್ಟೀರಿಯಾದಿಂದ.

ನಮ್ಮ ಸಿಲೆಬಸ್‌ನಲ್ಲಿ ಈ ಬ್ಯಾಕ್ಟೀರಿಯಾ ಒಂದು ಯೂನಿಟ್‌ನಲ್ಲಿದೆ, ಗೋಧಿ ಇನ್ನೊಂದರಲ್ಲಿ. ಬೇರೆ ಬೇರೆಯಾಗಿ ಓದಿದಾಗ ಎರಡೂ ನನ್ನ ತಲೆಗೆ ಹತ್ತಲಿಲ್ಲ. ಅಕ್ಕಪಕ್ಕ ಇಟ್ಟು ಓದಿದೆ, ದಾರಿ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲೈಸಿನ್ ಕಥೆ

ಬ್ಯಾಕ್ಟೀರಿಯಾದ ಹೆಸರು ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ. 1950ರ ದಶಕದಲ್ಲಿ ಜಪಾನಿನ ಕಿನೋಶಿತಾ ಮತ್ತು ಜೊತೆಗಾರರು ಇದನ್ನು ಪತ್ತೆ ಮಾಡಿದರು. ಅವರು ಹುಡುಕುತ್ತಿದ್ದದ್ದು ಗ್ಲುಟಾಮಿಕ್ ಆಮ್ಲವನ್ನು ಹೊರಗೆ ಬಿಡುವ ಬ್ಯಾಕ್ಟೀರಿಯಾವನ್ನು. ಗೋಬಿ ಮಂಚೂರಿ ಗಾಡಿಯವರು ಉದುರಿಸುವ ಟೇಸ್ಟಿಂಗ್ ಪೌಡರ್ ಇದೆಯಲ್ಲ, ಅದರ ಮೂಲ ಇದೇ ಆಮ್ಲ. ಲೈಸಿನ್ ಆಮೇಲೆ ಬಂತು.

ಈಗ ನಿಧಾನವಾಗಿ ಓದಿ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.

ಬ್ಯಾಕ್ಟೀರಿಯಾದೊಳಗೆ ಆಸ್ಪಾರ್ಟಿಕ್ ಆಮ್ಲದಿಂದ ಒಂದು ದಾರಿ ಹೊರಡುತ್ತದೆ, ಹೆಜ್ಜೆಹೆಜ್ಜೆಗೂ ಒಂದು ವಸ್ತು ಇನ್ನೊಂದಾಗುತ್ತದೆ. ಮೊದಲ ಹೆಜ್ಜೆ ಇಡಿಸುವ ಕಿಣ್ವ ಆಸ್ಪಾರ್ಟೋಕೈನೇಸ್. ಸ್ವಲ್ಪ ದೂರ ಹೋದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಲೈಸಿನ್‌ಗೆ, ಇನ್ನೊಂದು ಹೋಮೋಸೆರಿನ್ ಎಂಬ ನಡುವಿನ ವಸ್ತುವಿನ ಮೂಲಕ ಥ್ರಿಯೋನಿನ್, ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳಿಗೆ. ಲೈಸಿನ್ ಮತ್ತು ಥ್ರಿಯೋನಿನ್ ಎರಡೂ ಸಾಕಷ್ಟು ಆದಾಗ ಅವು ವಾಪಸ್ ಬಂದು ಆಸ್ಪಾರ್ಟೋಕೈನೇಸ್‌ಗೆ ಬ್ರೇಕ್ ಹಾಕುತ್ತವೆ. ಒಂದೇ ಇದ್ದರೆ ಆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ನಮ್ಮದೊಂದು ಕೀಲಿ, ಮ್ಯಾನೇಜರ್‌ದೊಂದು ಕೀಲಿ. ಎರಡೂ ತಿರುಗಬೇಕು.

ಹೋಮೋಸೆರಿನ್ ಮಾಡುವ ಜೀನ್ ಕೆಟ್ಟುಹೋದರೆ? ಥ್ರಿಯೋನಿನ್, ಮೆಥಿಯೋನಿನ್ ಎರಡೂ ತಯಾರಾಗುವುದಿಲ್ಲ. ಬ್ಯಾಕ್ಟೀರಿಯಾ ಬದುಕುವಷ್ಟು ಮಾತ್ರ ಅವನ್ನು ನಾವು ಹೊರಗಿಂದ ಕೊಡುತ್ತೇವೆ, ಅದೂ ಕೈ ಬಿಗಿಹಿಡಿದು. ಒಂದು ಕೀಲಿಯೇ ಇಲ್ಲ, ಹಾಗಾಗಿ ಬ್ರೇಕ್ ಬೀಳುವುದಿಲ್ಲ. ಮೊದಲ ಹೆಜ್ಜೆ ನಡೆಯುತ್ತಲೇ ಇರುತ್ತದೆ, ಬಂದದ್ದೆಲ್ಲ ಲೈಸಿನ್ ಕಡೆ ಹರಿಯುತ್ತದೆ. ನೋಡಿ, ಇಲ್ಲಿ ಹೊಸ ಜೀನ್ ಏನೂ ಸೇರಿಸಿಲ್ಲ. ಇದ್ದ ಒಂದನ್ನು ಕೆಡಿಸಿದ್ದಷ್ಟೇ.

ಕೆಡಿಸುವುದು ಸುಲಭ, ಯುವಿ (ಅತಿನೇರಳೆ) ಬೆಳಕು ಸಾಕು. ಕೆಟ್ಟದ್ದನ್ನು ಹುಡುಕುವುದೇ ದೊಡ್ಡ ಕೆಲಸ. ಯುವಿಗೆ ಹೆಚ್ಚಿನವು ಸಾಯುತ್ತವೆ, ಉಳಿದವುಗಳಲ್ಲಿ ನಮಗೆ ಬೇಕಾದ್ದು ಎಲ್ಲೋ ಒಂದು. ಅದಕ್ಕೆ ರೆಪ್ಲಿಕಾ ಪ್ಲೇಟಿಂಗ್. ಕಾಲೊನಿಗಳಿರುವ (ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕಿಗಳಿರುವ) ಪ್ಲೇಟಿನ ಮೇಲೆ ವೆಲ್ವೆಟ್ ಬಟ್ಟೆ ಒತ್ತಿ, ಅದೇ ಬಟ್ಟೆಯನ್ನು ಎರಡು ಹೊಸ ಪ್ಲೇಟಿಗೆ ಒತ್ತಬೇಕು. ಒಂದರಲ್ಲಿ ಹೋಮೋಸೆರಿನ್ ಇರುತ್ತದೆ, ಇನ್ನೊಂದರಲ್ಲಿ ಇಲ್ಲ. ಮೊದಲನೆಯದರಲ್ಲಿ ಬೆಳೆದು ಎರಡನೆಯದರಲ್ಲಿ ಕಾಣೆಯಾದ ಕಾಲೊನಿಯೇ ನಮ್ಮ ಕಳ್ಳ. ಪ್ರಾಕ್ಟಿಕಲ್ ದಿನ ನಾನು ಪ್ಲೇಟಿನ ಅಂಚಿಗೆ ಗುರುತು ಹಾಕುವುದನ್ನೇ ಮರೆತೆ. ಯಾವ ಕಾಲೊನಿಗೆ ಯಾವುದು ಜೋಡಿ ಅಂತ ಗೊತ್ತಾಗದೆ ಎರಡು ದಿನದ ಕೆಲಸ ನೀರಲ್ಲಿ ಹೋಮ. ನೀವು ಮೊದಲು ಮಾರ್ಕರ್ ಹಿಡಿಯಿರಿ.

ಇಷ್ಟೆಲ್ಲ ಹುಡುಕಾಟ ಸಾಧ್ಯವಾಗುವುದು ಬ್ಯಾಕ್ಟೀರಿಯಾದ ವೇಗದಿಂದ. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವಾಗ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. 10 ಗಂಟೆಯಲ್ಲಿ 30 ಸಲ. ಲೆಕ್ಕದ ಪ್ರಕಾರ ಒಂದು 107 ಕೋಟಿಗೂ ಜಾಸ್ತಿ ಆಗುತ್ತದೆ. ಇನ್ನೊಂದು ಮಾತು: ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಒಂದು ಜೀನ್‌ಗೆ ಒಂದೇ ಪ್ರತಿ. ಅದು ಕೆಟ್ಟರೆ ತಕ್ಷಣ ಕಾಣಿಸುತ್ತದೆ.

 

ಗೋಧಿಗೆ ಮೂರು ಒಲೆ

ಚಪಾತಿ ಗೋಧಿಯಲ್ಲಿ 42 ಕ್ರೋಮೋಸೋಮ್‌ಗಳಿವೆ. ಎ, ಬಿ, ಡಿ ಅಂತ ಮೂರು ಜೀನೋಮ್ (ಜೀನ್‌ಗಳ ಪೂರ್ತಿ ಸೆಟ್), ಒಂದೊಂದರಲ್ಲಿ 7 ಜೋಡಿ. ಜಾತ್ರೆಗೆ ಹುಗ್ಗಿ ಮಾಡುತ್ತೇವಲ್ಲ, ಆ ಜವೆ ಗೋಧಿಯಲ್ಲಿ ಎ, ಬಿ ಮಾತ್ರ, ಒಟ್ಟು 28. ಸಾವಿರಾರು ವರ್ಷದ ಹಿಂದೆ ಇಂಥ 28ರ ಗೋಧಿಗೆ ಒಂದು ಕಾಡುಹುಲ್ಲು ತಾನಾಗಿ ಬೆರೆತು ಡಿ ಬಂತು. ಹಾಗಾಗಿ ಚಪಾತಿ ಗೋಧಿಯಲ್ಲಿ ಎಷ್ಟೋ ಜೀನ್‌ಗಳಿಗೆ ಮೂರು ಪ್ರತಿ.

ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಮೂರು ಒಲೆ ಉರಿಯುತ್ತಿವೆ ಅಂದುಕೊಳ್ಳಿ. ಒಂದು ಆರಿದರೆ ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಗೋಧಿಯೂ ಹಾಗೆ. ಒಂದು ಪ್ರತಿ ಕೆಟ್ಟರೆ ಉಳಿದೆರಡು ಸಂಭಾಳಿಸುತ್ತವೆ. ಲೈಸಿನ್ ಉಪಾಯ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಗಿಡ್ಡ ಗೋಧಿ ಹೇಗೆ ಬಂತು? ಉದ್ದ ಗೋಧಿಗೆ ಯೂರಿಯಾ ಜಾಸ್ತಿ ಹಾಕಿದರೆ ತೆನೆ ಭಾರಕ್ಕೆ ಪೈರು ಮಲಗುತ್ತದೆ. ಭದ್ರಾ ನಾಲೆ ಕೆಳಗೆ ಭತ್ತ ಮಲಗಿದ್ದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಪಾನಿನ ನೋರಿನ್ 10 ಎಂಬ ತಳಿಯಲ್ಲಿದ್ದ ಗಿಡ್ಡ ಗುಣವನ್ನು ನಾರ್ಮನ್ ಬೋರ್ಲಾಗ್ ಎಂಬ ಕೃಷಿ ವಿಜ್ಞಾನಿ ತಳಿಗಳನ್ನು ಬೆರೆಸಿ ಮೆಕ್ಸಿಕೊದ ಗೋಧಿಗೆ ತಂದರು. ವರ್ಷಕ್ಕೆ ಒಂದೇ ಬೆಳೆಗೆ ಕಾಯಲಾರದೆ ಎರಡು ಬೇರೆ ಹವೆಯ ಊರುಗಳಲ್ಲಿ ಎರಡು ಬೆಳೆ ತೆಗೆದರು. 1966ರಲ್ಲಿ ಭಾರತ ಅಲ್ಲಿಂದ 18,000 ಟನ್ ಬೀಜ ತರಿಸಿತು. ಕಾಳು ಕೆಂಪಗಿದ್ದದ್ದು ನಮ್ಮವರಿಗೆ ಹಿಡಿಸಲಿಲ್ಲ. ಗಾಮಾ ಕಿರಣ ಹಾಯಿಸಿ ಬಣ್ಣ ಬದಲಿಸಿದ್ದು ಶರಬತಿ ಸೋನೋರಾ.

ನನಗೆ ಖುಷಿ ಕೊಟ್ಟದ್ದು ಇದರ ಒಳಗುಟ್ಟು. ಸಸ್ಯದಲ್ಲಿ ಬೆಳವಣಿಗೆಗೆ ಅಡ್ಡ ನಿಲ್ಲುವ ಡೆಲ್ಲಾ ಎಂಬ ಪ್ರೋಟೀನ್ ಇದೆ. ಗಿಬ್ಬರೆಲಿನ್ ಹಾರ್ಮೋನ್ ಬಂದರೆ ಡೆಲ್ಲಾ ನಾಶವಾಗಿ ಗಿಡ ಎತ್ತರ ಹೋಗುತ್ತದೆ. ನೋರಿನ್ 10ರಲ್ಲಿ ಈ ಡೆಲ್ಲಾ ಬದಲಾಗಿದೆ, ಗಿಬ್ಬರೆಲಿನ್ ಮಾತಿಗೆ ಜಗ್ಗುವುದಿಲ್ಲ. ಆಟೋದ ಮೂರು ಚಕ್ರದಲ್ಲಿ ಒಂದಕ್ಕೆ ಬ್ರೇಕ್ ಕಚ್ಚಿಕೊಂಡರೂ ಆಟೋ ನಿಧಾನ ಆಗುತ್ತದೆ, ಅಲ್ವಾ? ಅದೇ ಇಲ್ಲಿ. ಮೂರರಲ್ಲಿ ಒಂದು ಪ್ರತಿ ಬದಲಾದರೂ ಗಿಡ್ಡತನ ಕಾಣುತ್ತದೆ.

ಭತ್ತಕ್ಕೆ ಬನ್ನಿ. 1966ರ ಐಆರ್ 8 ಎಂಬ ಭತ್ತದ ತಳಿ ಕೂಡ ಗಿಡ್ಡ. ಅದರಲ್ಲಿ ಕೆಟ್ಟಿರುವುದು ಗಿಬ್ಬರೆಲಿನ್ ತಯಾರಿಸುವ ಒಂದು ಜೀನ್. ಭತ್ತದಲ್ಲಿ ಒಂದೇ ಜೀನೋಮ್, 12 ಜೋಡಿ ಕ್ರೋಮೋಸೋಮ್. ಜೋಡಿಯ ಎರಡೂ ಕಡೆ ಕೆಟ್ಟ ಪ್ರತಿ ಕೂತರೆ ಸಾಕು, ಮುಚ್ಚಿಹಾಕುವವರಿಲ್ಲ.

ಗೋಧಿಯಲ್ಲಿ ಕೆಡಿಸಿಯೇ ಗುಣ ಪಡೆಯಬೇಕಾದರೆ ಮೂರೂ ಕಡೆ ಕೈ ಹಾಕಬೇಕು. 2014ರಲ್ಲಿ ಚೀನಾದ ವಿಜ್ಞಾನಿಗಳು ಜೀನ್ ಎಡಿಟಿಂಗ್‌ನಿಂದ, ಬೂದಿ ರೋಗಕ್ಕೆ ದಾರಿ ಮಾಡಿಕೊಡುವ ಎಂಎಲ್‌ಒ ಜೀನಿನ ಮೂರೂ ಪ್ರತಿಗಳನ್ನು ಕೆಡಿಸಿದರು. ಆ ಗೋಧಿ ಬೂದಿ ರೋಗ ತಡೆದುಕೊಂಡಿತು. ಹೊಸ ಜೀನ್ ಸೇರಿಸುವುದಾದರೆ ಈ ತಾಪತ್ರಯ ಇಲ್ಲ, ಒಂದು ಕಡೆ ಕೂತರೂ ಕೆಲಸ ಮಾಡುತ್ತದೆ. 2020ರಲ್ಲಿ ಅರ್ಜೆಂಟೀನಾ ಒಪ್ಪಿದ ಎಚ್‌ಬಿ4 ಗೋಧಿಯಲ್ಲಿ ಬರ ತಡೆಯಲು ಸೂರ್ಯಕಾಂತಿಯ ಜೀನ್ ಇದೆ. ಅದು ಕುಲಾಂತರಿ. ಬೋರ್ಲಾಗ್ ಗೋಧಿ ಕುಲಾಂತರಿ ಅಲ್ಲ, ಸುಮ್ನೆ ಹಾಗೆ ಬರೆದು ಅಂಕ ಕಳೆದುಕೊಳ್ಳಬೇಡಿ. ಕಳೆದ ಸಲ ನಾನು ಕಳೆದುಕೊಂಡಿದ್ದೇನೆ.

ಒಂದು ಪ್ರಶ್ನೆ ನಿಮಗೆ. ಜವೆ ಗೋಧಿಯಲ್ಲಿ ಇದೇ ಎಂಎಲ್‌ಒ ಕೆಡಿಸಬೇಕು. ಎಷ್ಟು ಒಲೆ ಆರಿಸಬೇಕು?