ಕಾರಿಗೆ ಕಾಯಿಲೆ ಇಲ್ಲ, ಮುಳ್ಳು ಎಲ್ಲಿದೆ ನೋಡಿ

"ಸಾರ್, ಗಾಡಿ ಎಳೀತಾನೇ ಇಲ್ಲ." ನಮ್ಮ ಗ್ಯಾರೇಜಿಗೆ ಸ್ಪೋರ್ಟ್ಸ್ ಕಾರು ತರುವವರ ಬಾಯಲ್ಲಿ ನಾನು ಹೆಚ್ಚು ಕೇಳುವ ಮಾತು ಇದು. ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ಕೊಂಡು ಇನ್ನೂ ತಿಂಗಳು ಕಳೆದಿರುವುದಿಲ್ಲ. ಅದಕ್ಕೆ ಮೊದಲು ಅವರು ಓಡಿಸುತ್ತಿದ್ದದ್ದು ಟರ್ಬೊ ಪೆಟ್ರೋಲ್ ಸೆಡಾನ್ ಅಥವಾ ಡೀಸೆಲ್ ಎಸ್‌ಯುವಿ. ಸ್ಕ್ಯಾನರ್ ಹಾಕಿದರೆ ಒಂದು ಎರರ್ ಕೋಡೂ ಬರುವುದಿಲ್ಲ. ಫಿಲ್ಟರ್ ಸರಿ ಇದೆ, ಕಾಯಿಲ್ ಸರಿ ಇದೆ, ಎಲ್ಲೂ ಗಾಳಿ ಸೋರುತ್ತಿಲ್ಲ. ಸರಿ, ಓಡಿಸಿ ತೋರಿಸಿ ಅಂತ ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಅಂತ ತೋರಿಸುವ ಮೀಟರಿನ ಮುಳ್ಳು 2,500 ಮುಟ್ಟಿತು, ಗೇರ್ ಬದಲಾಯಿತು. ಮತ್ತೆ 2,500, ಮತ್ತೆ ಗೇರ್. ಇಡೀ ರೌಂಡ್ ಮುಗಿದರೂ ಮುಳ್ಳು 3,000 ದಾಟುವುದಿಲ್ಲ. ಟರ್ಬೊ ಇಲ್ಲದ ಆ 2.7 ಲೀಟರ್ ಎಂಜಿನ್ ತನ್ನ 275 ಹಾರ್ಸ್‌ಪವರ್ ಪೂರ್ತಿ ಕೊಡುವುದು 7,400 ಆರ್‌ಪಿಎಂನಲ್ಲಿ!

ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಒಳಗೆ ಗಾಳಿ ಒತ್ತಿ ಕಳಿಸುವ ಚಕ್ರ; ಅದು ಹೇಗೆ ಕೆಲಸ ಮಾಡುತ್ತದೆ ಅಂತ ನಾನಿಲ್ಲಿ ಇನ್ನೂ ಬರೆಯುವುದಿಲ್ಲ. ಇಂಥ ಕಾರು ಕೊಳ್ಳುವವರು ಹತ್ತಾರು ವಿಡಿಯೊ ನೋಡಿಯೇ ಬಂದಿರುತ್ತಾರೆ. ಅವರು ನೋಡದೆ ಬಿಡುವುದು ಒಂದೇ ಸಂಗತಿ: ಬ್ರೋಷರಿನಲ್ಲಿ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ಆರ್‌ಪಿಎಂ.

ಪೋರ್ಷೆಯ 718 ಕೇಮನ್ನನ್ನೇ ತೆಗೆದುಕೊಳ್ಳಿ. ಅದರ ಎಸ್ ಮಾದರಿಗೆ 2.5 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್. ಟಾರ್ಕ್ 420 ನ್ಯೂಟನ್ ಮೀಟರ್. 2020ರಲ್ಲಿ ಬಂದ ಜಿಟಿಎಸ್ 4.0ಗೆ ಆರು ಸಿಲಿಂಡರಿನ ಎನ್ಎ ಎಂಜಿನ್, ಅಂದರೆ ಟರ್ಬೊ ಇಲ್ಲದೆ ತಾನೇ ಗಾಳಿ ಎಳೆದುಕೊಳ್ಳುವಂಥದ್ದು. ಅದರದ್ದೂ 420. ಬಾಡಿ ಒಂದೇ, ಟಾರ್ಕ್ ಒಂದೇ. ಹಾಗಾದರೆ ಎರಡೂ ಒಂದೇ ಥರ ಎಳೆಯಬೇಕು, ಅಲ್ವಾ? ಇಲ್ಲ. ಟರ್ಬೊ ಆ 420 ಕೊಡುವುದು 1,900ರಿಂದ 4,500ರವರೆಗೆ. ಎನ್ಎ ಕೊಡುವುದು 5,000ದಿಂದ 6,500ರವರೆಗೆ. ಒಂದರ ಆಟ ಮುಗಿದಾಗ ಇನ್ನೊಂದರ ಆಟ ಇನ್ನೂ ಶುರುವೇ ಆಗಿರುವುದಿಲ್ಲ.

ಪವರ್ ಅಂದರೆ ಟಾರ್ಕನ್ನು ಸುತ್ತಿನಿಂದ ಗುಣಿಸಿದ್ದು, ಅಷ್ಟೇ. ಅದೇ ಟಾರ್ಕನ್ನು ಮೇಲಿನ ಸುತ್ತಿನಲ್ಲಿ ಕೊಟ್ಟರೆ ಪವರ್ ಜಾಸ್ತಿ. ಎಸ್‌ಗೆ 350 ಹಾರ್ಸ್‌ಪವರ್, ಜಿಟಿಎಸ್‌ಗೆ 400. ಹಾಗಿದ್ದರೂ ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, 2,000 ಆರ್‌ಪಿಎಂನಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ 350ರದ್ದು ಮುಂದೆ ಹೋಗುತ್ತದೆ. 400ರ ಕಾರು ಕೊಂಡವನಿಗೆ ಹೊಟ್ಟೆ ಉರಿಯುತ್ತದೆ. ಮಾರನೇ ದಿನ ನನ್ನ ಹತ್ತಿರ ಬರುತ್ತಾನೆ.

ಅವನಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಮೊದಲು ಗೇರ್ ಇಳಿಸಿ. ಒಂದಲ್ಲ, ಎರಡು. ಮುಳ್ಳು 5,000ದ ಹತ್ತಿರ ಬರಲಿ, ಆಮೇಲೆ ಒತ್ತಿ. ಎಂಜಿನ್ ಅರಚಿಕೊಳ್ಳುತ್ತದೆ ಅಂತ ಹೆದರಿ ಕಾಲು ತೆಗೆಯಬೇಡಿ. ಅದಕ್ಕೆ ಏನೂ ನೋವಾಗುತ್ತಿಲ್ಲ, ಅದನ್ನು ಕಟ್ಟಿರುವುದೇ ಹಾಗೆ. ಮೇಲಿನ ಸುತ್ತಿನಲ್ಲಿ ಎಳೆಯುವ ಆರ್‌ಎಕ್ಸ್ 100 ಬೈಕ್ ಓಡಿಸಿ ಬಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬುಲೆಟ್ಟನ್ನೂ ಆರ್‌ಎಕ್ಸನ್ನೂ ಯಾರಾದರೂ ಒಂದೇ ಥರ ಓಡಿಸುತ್ತಿದ್ದರಾ? ನಿವೃತ್ತ ಎಂಜಿನಿಯರ್ ಒಬ್ಬರು ನನ್ನ ಹಳೆಯ ಗಿರಾಕಿ. ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ಅವರ ಕೇಮನ್ ಮಾತ್ರ ನನ್ನ ಲಿಸ್ಟಿನಲ್ಲಿ ಅತಿ ಆರೋಗ್ಯವಾದ ಗಾಡಿ. ಎಂಜಿನ್ ಎಣ್ಣೆ ಬಿಸಿಯಾಗುವ ತನಕ ಮೆತ್ತಗೆ, ಆಮೇಲೆ ಮೀಟರಿನ ಕೆಂಪು ಗೆರೆಯ (ರೆಡ್‌ಲೈನ್) ತನಕ. "ಆಟ ಆಡೋಕೆ ತಾನೇ ತಗೊಂಡಿದ್ದು" ಅನ್ನುತ್ತಾರೆ.

ಎಣ್ಣೆಯ ಮಾತನ್ನು ಸುಮ್ನೆ ಹೇಳಿದ್ದಲ್ಲ. ನೀರಿನ ಮೀಟರ್ ಮಧ್ಯಕ್ಕೆ ಬಂದ ಮಾತ್ರಕ್ಕೆ ಎಣ್ಣೆ ಬಿಸಿಯಾಗಿರುವುದಿಲ್ಲ, ಅದಕ್ಕೆ ಇನ್ನೂ ಹೊತ್ತು ಬೇಕು. ಇನ್ನೊಂದು. ಮ್ಯಾನುಯಲ್ ಗೇರ್ ಇದ್ದರೆ ಇಳಿಸುವಾಗ ಎಚ್ಚರ. ವೇಗದಲ್ಲಿದ್ದಾಗ ನಾಲ್ಕಕ್ಕೆ ಹಾಕಲು ಹೋಗಿ ಕೈ ತಪ್ಪಿ ಎರಡಕ್ಕೆ ಬಿದ್ದರೆ ಸುತ್ತು ಮಿತಿ ಮೀರದಂತೆ ತಡೆಯುವ ಯಾವ ರೆವ್ ಲಿಮಿಟರೂ ಕಾಪಾಡುವುದಿಲ್ಲ, ಏಕೆಂದರೆ ಆಗ ಎಂಜಿನ್ನನ್ನು ಸುತ್ತಿಸುತ್ತಿರುವುದು ಚಕ್ರಗಳು. ಮತ್ತೆ, "ಎಳೆಯುತ್ತಿಲ್ಲ" ಅಂದವರೆಲ್ಲ ತಪ್ಪು ಅಂತಲೂ ನಾನು ಹೇಳುತ್ತಿಲ್ಲ. ಕೆಲವೊಮ್ಮೆ ನಿಜವಾಗಿಯೂ ಸೆನ್ಸರ್ ಹೋಗಿರುತ್ತದೆ. ಅದಕ್ಕೇ ಮೊದಲು ಸ್ಕ್ಯಾನರ್, ಆಮೇಲೆ ಉಪದೇಶ.

ಈಗ ಉಲ್ಟಾ ಪಾರ್ಟಿ. ಟರ್ಬೊ ಕಾರಿನಲ್ಲಿ 1,200 ಆರ್‌ಪಿಎಂ, ನಾಲ್ಕನೇ ಗೇರ್. ಪೆಡಲ್ ನೆಲಕ್ಕೆ ಒತ್ತಿ "ಎಷ್ಟು ಲ್ಯಾಗ್ ನೋಡಿ ಸಾರ್" ಅನ್ನುತ್ತಾರೆ. ಅಲ್ಲಿ ಟರ್ಬೊ ತಡ ಮಾಡುತ್ತಿಲ್ಲ. ಅದನ್ನು ತಿರುಗಿಸುವಷ್ಟು ಹೊಗೆಯೇ ಆ ಸುತ್ತಿನಲ್ಲಿ ಬರುತ್ತಿಲ್ಲ. ಮುಳ್ಳು ಏರುವ ತನಕ ಎಷ್ಟು ಕಾದರೂ ಅಷ್ಟೇ. ನಿಜವಾದ ಲ್ಯಾಗ್ ನೋಡಬೇಕಾದರೆ 3,000ದಲ್ಲಿ ಸಾಗುವಾಗ ತಟ್ಟನೆ ಒತ್ತಿ ನೋಡಿ. ಈಗಿನ ಕಾರುಗಳಲ್ಲಿ ಅದು ಕಣ್ಣು ಮಿಟುಕಿಸುವಷ್ಟು. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಚಕ್ರ ಅದು, ಅಷ್ಟು ಹೊತ್ತಾದರೂ ಬೇಕಲ್ವಾ? ಒಬ್ಬ ಹುಡುಗನಿಗೆ ಬೇರೆ ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಬದಲಾಯಿಸಬೇಕು ಅಂತ ಎಸ್ಟಿಮೇಟ್ ಕೊಟ್ಟಿದ್ದರು. ಮೂರನೇ ಗೇರಿಗೆ ಇಳಿಸಿ ಓಡಿಸು ಅಂದೆ. ಎಸ್ಟಿಮೇಟನ್ನು ಅಲ್ಲೇ ಹರಿದು ಹಾಕಿದ.

ಬೂಸ್ಟ್, ಅಂದರೆ ಟರ್ಬೊ ಒತ್ತಿ ಕಳಿಸುವ ಗಾಳಿಯ ಒತ್ತಡ, ಇಲ್ಲದಾಗ ಟರ್ಬೊ ಎಂಜಿನ್ ಅಷ್ಟು ಸಪ್ಪೆ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಗಾಳಿಯನ್ನು ಮೊದಲೇ ಒತ್ತಿ ಒಳಗೆ ಕಳಿಸುವುದರಿಂದ ಸಿಲಿಂಡರಿನಲ್ಲಿ ಮತ್ತೆ ಜಾಸ್ತಿ ಒತ್ತುವಂತಿಲ್ಲ. ಒತ್ತಿದರೆ ಬಿಸಿಯಾಗಿ, ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹತ್ತಿಕೊಂಡು ಎಂಜಿನ್ನಿಗೆ ಪೆಟ್ಟು ಬೀಳುತ್ತದೆ, ಅದೇ ನಾಕ್. ಸಿಲಿಂಡರ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದೇ ಕಂಪ್ರೆಶನ್, ಆ 2.7 ಎನ್ಎ ಕೇಮನ್ನಿನದ್ದು 12.5ಕ್ಕೆ 1. ಅದರ ಜಾಗಕ್ಕೆ 2016ರಲ್ಲಿ ಬಂದ 2.0 ಲೀಟರ್ ಟರ್ಬೊದ್ದು 9.5ಕ್ಕೆ 1. 1975ರ ಮೊದಲ ಪೋರ್ಷೆ 911 ಟರ್ಬೊದ್ದಂತೂ ಬರೀ 6.5. ಅದಕ್ಕೇ ಆ ಕಾರು ಕೆಳಗೆ ನಿದ್ದೆ ಹೊಡೆದು, ತಿರುವಿನ ಮಧ್ಯದಲ್ಲಿ ಏಕಾಏಕಿ ಎದ್ದು ಹಿಂಬದಿ ಎಸೆಯುತ್ತಿತ್ತು. ಕಂಪ್ರೆಶನ್ ಇಳಿಸದೆ ಟರ್ಬೊ ಹಾಕಿದವರೂ ಇದ್ದರು. ಅಮೆರಿಕದ ಓಲ್ಡ್ಸ್‌ಮೊಬೈಲ್ 1962ರಲ್ಲಿ ಜೆಟ್‌ಫೈರ್ ಅನ್ನುವ ಕಾರು ತಂದಿತು. ಕಂಪ್ರೆಶನ್ 10.25. ನಾಕ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವಕ್ಕೆ ಬೇರೆ ಟ್ಯಾಂಕ್. ಅದು ಖಾಲಿಯಾದರೆ ಬೂಸ್ಟ್ ಕಟ್. ಮಾಲೀಕರು ತುಂಬಿಸುವುದನ್ನೇ ಮರೆತರು. ಎರಡೇ ವರ್ಷಕ್ಕೆ ಕಾರು ನಿಂತಿತು. ಗಿರಾಕಿಗಳು ಎಲ್ಲ ಕಾಲದಲ್ಲೂ ಒಂದೇ!

"ಹಾಗಾದರೆ ನನ್ನ ಎನ್ಎ ಗಾಡಿಗೆ ಒಂದು ಟರ್ಬೊ ಕೂರಿಸಿಬಿಡಿ" ಅನ್ನುವವರಿಗೂ ಉತ್ತರ ಇದರಲ್ಲೇ ಸಿಕ್ಕಿತು. 12.5 ಕಂಪ್ರೆಶನ್ನಿನ ಮೇಲೆ ಬೂಸ್ಟ್ ಏರಿಸುವುದು ಅಸಾಧ್ಯ ಅಂತಲ್ಲ. ಪಿಸ್ಟನ್, ಇಂಜೆಕ್ಟರ್, ಕೂಲಿಂಗ್, ಕ್ಲಚ್ ಎಲ್ಲ ಲೆಕ್ಕ ಹಾಕಿದರೆ ನೇರವಾಗಿ ಟರ್ಬೊ ಕಾರೇ ಕೊಳ್ಳಬಹುದು.

ಫೆರಾರಿ ಮಾಡಿದ ತಮಾಷೆ ಕೇಳಿ. 2015ರಲ್ಲಿ ಎನ್ಎ 458ರ ಜಾಗಕ್ಕೆ ಟರ್ಬೊ 488 ಬಂತು. ಟಾರ್ಕ್ 540ರಿಂದ 760ಕ್ಕೆ ಹಾರಿತು. ಆದರೆ ಆ 760 ಪೂರ್ತಿ ಸಿಗುವುದು ಏಳನೇ ಗೇರಿನಲ್ಲಿ ಮಾತ್ರ. ಕೆಳಗಿನ ಗೇರುಗಳಲ್ಲಿ ಕಂಪ್ಯೂಟರೇ ಟಾರ್ಕ್ ಹಿಡಿದಿಟ್ಟು, ಸುತ್ತು ಏರಿದಂತೆ ಬಿಡುತ್ತದೆ. ಟರ್ಬೊ ಎಂಜಿನ್ ಎನ್ಎ ಥರ ಅನ್ನಿಸಲಿ ಅಂತ ಇಷ್ಟೆಲ್ಲ. ನಮ್ಮವರು ಎನ್ಎ ಕೊಂಡು ಟರ್ಬೊ ಥರ ಅನ್ನಿಸಲಿ ಅನ್ನುತ್ತಾರೆ.

ಬೆಂಗಳೂರಿನ ಎನ್ಎ ಮಾಲೀಕರ ದೂರಿನಲ್ಲಿ ಸ್ವಲ್ಪ ಸತ್ಯ ಇರುವುದನ್ನೂ ಒಪ್ಪಬೇಕು. ಊರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಶೇಕಡಾ 10 ಕಡಿಮೆ, ಎನ್ಎ ಎಂಜಿನ್ನಿನ ಪವರೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 275ರ ಕೇಮನ್ ಇಲ್ಲಿ 250ರ ಆಸುಪಾಸು. ಅದನ್ನೇ ಸಮುದ್ರಮಟ್ಟಕ್ಕೆ ಹತ್ತಿರವಿರುವ, ಚೆನ್ನೈ ಬಳಿಯ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕಿಗೆ ಒಯ್ದರೆ, ಅಲ್ಲಿನ ಸೆಕೆಯಲ್ಲಿ ಒಂದಿಷ್ಟು ಕಳೆದರೂ, ಗಾಡಿ ಚುರುಕಾದಂತೆ ಅನ್ನಿಸುತ್ತದೆ. ಜತೆಗೆ ಅಲ್ಲಿ ಮುಳ್ಳು ಮೇಲಕ್ಕೆ ಹೋಗಲು ಜಾಗವಿದೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮಿತಿ 100. ಕೇಮನ್ನಿನ ಎರಡನೇ ಗೇರ್ ಒಂದೇ 120 ದಾಟಿಸುತ್ತದೆ. ಟರ್ಬೊ ಎಂಜಿನ್ ಎತ್ತರದ ನಷ್ಟವನ್ನು ಇನ್ನೊಂದಿಷ್ಟು ಜೋರಾಗಿ ತಿರುಗಿ ಬಹುಪಾಲು ತುಂಬಿಕೊಳ್ಳುತ್ತದೆ, ಬೂಸ್ಟ್ ಬಂದಮೇಲೆ ಮಾತ್ರ.

ಇದರಿಂದಲೇ ಡೈನೊ, ಅಂದರೆ ಪವರ್ ಅಳೆಯುವ ಯಂತ್ರ, ಅದರ ಶೀಟುಗಳ ಜಗಳ ಹುಟ್ಟುವುದು. ಬೆಂಗಳೂರಿನಲ್ಲಿ ಅಳೆದ ಅಂಕಿಗೆ ಯಂತ್ರ ಸಮುದ್ರಮಟ್ಟದ ಕರೆಕ್ಷನ್ ಹಾಕಿ ಏರಿಸುತ್ತದೆ. ಎನ್ಎಗೆ ಅದು ನ್ಯಾಯ. ಟರ್ಬೊ ಆ ನಷ್ಟವನ್ನು ಮೊದಲೇ ತುಂಬಿಕೊಂಡಿದ್ದರೆ ಇಲ್ಲದ ಪವರ್ ಸೇರಿಕೊಳ್ಳುತ್ತದೆ. ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಿ) ಇಷ್ಟು ಬಂತು ಅಂತ ಶೀಟ್ ಹಿಡಿದು ಬರುವವರು ದಯವಿಟ್ಟು ಕರೆಕ್ಷನ್ ಇಲ್ಲದ ಅಂಕಿಯನ್ನೂ ಪ್ರಿಂಟ್ ಮಾಡಿಸಿಕೊಂಡು ಬನ್ನಿ. ರೀಮ್ಯಾಪಿಗೆ ಮುಂಚಿನ ಶೀಟೂ ಬೇಕು, ಅದೇ ಡೈನೊದ್ದು, ಅದೇ ಗೇರಿನದ್ದು.