ಆಯಿಲ್ ಡಬ್ಬಿ ಮೇಲಿನ 5ಡಬ್ಲ್ಯು-30 ಅಂದರೆ ಏನು?

ದಾವಣಗೆರೆಯಲ್ಲಿ ಡೆಲಿವರಿಗೆ ಗಾಡಿ ಓಡಿಸುವವರು "ಯಾವ ಆಯಿಲ್ ಹಾಕಿಸಲಿ?" ಅಂತ ಕೇಳಿದರೆ, ಉತ್ತರವಾಗಿ ಸಿಗುವುದು ಹೆಚ್ಚಾಗಿ ಯಾವುದೋ ಕಂಪನಿಯ ಹೆಸರು. ಆದರೆ ಮೊದಲು ನೋಡಬೇಕಾದದ್ದು ಗ್ರೇಡ್. ಡಬ್ಬಿ ಮೇಲೆ 0ಡಬ್ಲ್ಯು-20, 5ಡಬ್ಲ್ಯು-30, 15ಡಬ್ಲ್ಯು-40 ಅಂತ ಇರುತ್ತದಲ್ವಾ, ಅದೇ.

ಈ ಅಳತೆ ಮಾಡಿಟ್ಟದ್ದು ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘ. ಇದು ಹೇಳುವುದು ಆಯಿಲ್ ಎಷ್ಟು ಮಂದ, ಎಷ್ಟು ತೆಳು ಅಂತ ಮಾತ್ರ. ಹರಳೆಣ್ಣೆ ಮಂದ, ಶೇಂಗಾ ಎಣ್ಣೆ ತೆಳು. ಅಷ್ಟಕ್ಕೇ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅನ್ನೋಕಾಗಲ್ಲ.

ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ತಣ್ಣಗಿದ್ದಾಗ ಸಲೀಸಾಗಿ ಹರಿಯುತ್ತದೆ. 5ಡಬ್ಲ್ಯು ಆಯಿಲಿನಲ್ಲಿ ಎಂಜಿನ್ ತಿರುಗುತ್ತದಾ ಅನ್ನುವುದನ್ನು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯು ಆಯಿಲನ್ನು ಮೈನಸ್ 20ರಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮೂರಿಗೆ ಅಂಥ ಚಳಿ ಎಲ್ಲಿಂದ ಬರಬೇಕು? ಆದರೂ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಆಯಿಲ್ ಬೇಗ ಮೇಲೇರಿದರೆ ಸವೆತ ಕಡಿಮೆ.

ಗೊಂದಲ ಜಾಸ್ತಿ ಇರುವುದು ಎರಡನೇ ಅಂಕಿಯಲ್ಲಿ. "ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತೆ, ಅದಕ್ಕೇ 40 ಹಾಕಿಸು" ಅನ್ನುವವರಿದ್ದಾರೆ. ಆ 40ಕ್ಕೂ ಬಿಸಿಲಿನ ಡಿಗ್ರಿಗೂ ಸಂಬಂಧವೇ ಇಲ್ಲ. ಆಯಿಲ್ 100 ಡಿಗ್ರಿ ಕಾದಾಗ ಎಷ್ಟು ಮಂದ ಉಳಿಯುತ್ತದೆ ಅನ್ನುವುದರ ಗುರುತು ಅದು. 30ನೇ ಗ್ರೇಡ್ ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಎಣ್ಣೆ ಎಷ್ಟು ಮಂದ ಅಂತ ಅಳೆಯುವ ಮಾನ), 40 ಅಂದರೆ 12.5ರಿಂದ 16.3.

ಮಂದ ಇದ್ದಷ್ಟೂ ಎಂಜಿನ್ ಭದ್ರ ಅನ್ನುವುದೂ ಪೂರ್ತಿ ನಿಜವಲ್ಲ. ಈಗಿನ ಪೆಟ್ರೋಲ್ ಎಂಜಿನ್‌ಗಳನ್ನು ತೆಳು ಆಯಿಲಿಗೇ ಹೊಂದಿಸಿ ಕಟ್ಟಿರುತ್ತಾರೆ. 20 ಕೇಳುವ ಎಂಜಿನ್ನಿಗೆ 40 ಸುರಿದರೆ ಮೈಲೇಜ್ ಇಳಿಯುತ್ತದೆ. ಡೆಲಿವರಿಯವನಿಗೆ ಅದು ದಿನಾ ಜೇಬಿಗೆ ಬೀಳುವ ಕತ್ತರಿ. ಆಯಿಲ್ ಕುಡಿಯುವ ಹಳೇ ಗಾಡಿಯಾಗಿದ್ದು, ಮ್ಯಾನುಯಲ್‌ನಲ್ಲಿ 40ಕ್ಕೂ ಒಪ್ಪಿಗೆ ಇದ್ದರೆ ಆಗ ಹಾಕಿಸಬಹುದು.

ಗ್ರೇಡ್ ಪಕ್ಕದಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅಂತ ಬರೆದು ಎಸ್‌ಎನ್, ಎಸ್‌ಪಿ ಅಂತ ಇರುತ್ತದೆ. ಗುಣಮಟ್ಟ ಹೇಳುವುದು ಇದು. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿಯಿಂದ ಶುರುವಾದರೆ ಡೀಸೆಲ್ಲಿಗೆ. ಎಸ್‌ಪಿ ಬಂದದ್ದು 2020ರಲ್ಲಿ, ಎಸ್‌ಎನ್‌ಗಿಂತ ಹೊಸದು. ಬಿಎಸ್6 ಡೀಸೆಲ್ ಗಾಡಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕಿಸಬೇಕು. ಆ ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗಲ್ಲ.

ಇಷ್ಟಾದರೂ, ಡೆಲಿವರಿ ಗಾಡಿಗೆ ಗ್ರೇಡಿಗಿಂತ ದೊಡ್ಡ ಪ್ರಶ್ನೆ ಆಯಿಲ್ ಯಾವಾಗ ಬದಲಿಸಬೇಕು ಅನ್ನುವುದು ಅಂತ ನನ್ನ ಅಭಿಪ್ರಾಯ. ಮಂಡಿಪೇಟೆಯಲ್ಲಿ ಲೋಡ್ ಆಗುವವರೆಗೆ ಎಂಜಿನ್ ಆನ್. ವಿದ್ಯಾನಗರದ ಮನೆ ಮನೆ ಮುಂದೆ ಮೂರು ನಿಮಿಷ ಆನ್. ದಿನಕ್ಕೆ 40 ಸ್ಟಾಪ್ ಅಂದರೆ ಅಲ್ಲೇ ಎರಡು ತಾಸು ಆಯಿತು. ಮೀಟರಿನಲ್ಲಿ ಒಂದು ಕಿಲೋಮೀಟರೂ ಏರಿರಲ್ಲ, ಆಯಿಲ್ ಮಾತ್ರ ದುಡಿದಿರುತ್ತದೆ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ಆಫ್ ಮಾಡುವ ಚಿಕ್ಕ ಓಡಾಟ ಇನ್ನೂ ಕೆಟ್ಟದ್ದು. ಒಳಗೆ ಸೇರಿದ ನೀರಿನಂಶ, ಪೆಟ್ರೋಲ್ ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತವೆ. ಮೆಕ್ಕೆಜೋಳದ ಸೀಸನ್‌ನಲ್ಲಿ ಎಪಿಎಂಸಿ ಯಾರ್ಡಿನ ಧೂಳು ಬೇರೆ. ಏರ್ ಫಿಲ್ಟರ್ ಸರಿಯಿಲ್ಲದಿದ್ದರೆ ಅದೂ ಒಳಗೆ ಹೋಗುತ್ತದೆ.

ಇಂಥ ದುಡಿತಕ್ಕೆ ಮ್ಯಾನುಯಲ್‌ನಲ್ಲಿ ಬೇರೆಯೇ ಪಟ್ಟಿ ಇರುತ್ತದೆ, 'ಕಠಿಣ ಬಳಕೆ' ಅನ್ನುವ ಅರ್ಥದ ತಲೆಬರಹದಡಿ. ಹಲವು ಗಾಡಿಗಳಿಗೆ ಅಲ್ಲಿ ಮಾಮೂಲಿಯ ಅರ್ಧದಷ್ಟೇ ಕಿಲೋಮೀಟರ್ ಕೊಟ್ಟಿರುತ್ತಾರೆ. ದುಬಾರಿ ಸಿಂಥೆಟಿಕ್ ಹಾಕಿಸಿ ವಾಯಿದೆ ಮುಗಿದ ಮೇಲೂ ಓಡಿಸುವುದಕ್ಕಿಂತ, ಮ್ಯಾನುಯಲ್ ಹೇಳಿದ ಸಾಧಾರಣ ಬೆಲೆಯ ಆಯಿಲನ್ನೇ ಫಿಲ್ಟರ್ ಸಮೇತ ಹೊತ್ತಿಗೆ ಸರಿಯಾಗಿ ಬದಲಿಸುವುದು ಲಾಭ. ಕಪ್ಪಾಯಿತು ಅಂತ ಮಾತ್ರ ಗಾಬರಿ ಬೇಡ, ಡೀಸೆಲ್ಲಿನಲ್ಲಿ ಆಯಿಲ್ ಬೇಗ ಕಪ್ಪಾಗುತ್ತದೆ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿದರೆ ಸಾಕು.

ಡಬ್ಬಿಯ ಸೀಲ್ ನಿಮ್ಮೆದುರಿಗೇ ಒಡೆಯಲಿ. ಖಾಲಿ ಡಬ್ಬಿಯನ್ನು ಸುಮ್ನೆ ಬಿಟ್ಟು ಬರಬೇಡಿ, ತೂತು ಹಾಕಿಸಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಅದೇ ಡಬ್ಬಿ.