ಹೆಬ್ಬೆರಳಿನ ಗಾಲ್ಫ್

ಆಷಾಢದ ಮಳೆ ಒಮ್ಮೆ ಹಿಡಿದುಕೊಂಡಿತೆಂದರೆ ಪೆರ್ಲದ ಹತ್ತಿರದ ಅಕ್ಕನ ಮನೆಯಿಂದ ಎದುರಿನ ಗುಡ್ಡೆ ಎರಡು ಮೂರು ದಿನ ಕಾಣಿಸುವುದೇ ಇಲ್ಲ. ಅಡಿಕೆಗೆ ಮದ್ದು ಬಿಡುವ ಕೆಲಸ ಅರ್ಧಕ್ಕೆ ನಿಂತಿತ್ತು. ಮೈಲುತುತ್ತಿನ ಚೀಲ, ಸುಣ್ಣದ ಡ್ರಮ್ಮು, ಉದ್ದನೆಯ ದೋಟಿ ಎಲ್ಲವೂ ಕೊಟ್ಟಿಗೆಯ ಮಾಡಿನಡಿ ಬಿಸಿಲಿಗಾಗಿ ಕಾಯುತ್ತಿದ್ದವು, ಭಾವನೂ ಕಾಯುತ್ತಿದ್ದರು. ಮನೆಯಿಂದಲೇ ಕೆಲಸ ಎಂದು ಬೆಂಗಳೂರಿನಿಂದ ಬಂದಿದ್ದ ಅವರ ಮಗ ಮಾತ್ರ ಯಾವುದಕ್ಕೂ ಕಾಯದೆ ಚಾವಡಿಯ ಟಿ.ವಿ.ಗೆ ಪ್ಲೇಸ್ಟೇಷನ್ ಸಿಕ್ಕಿಸಿ, ಬಿಸಿಲು ಬಿದ್ದ ಹುಲ್ಲುಹಾಸಿನ ಮೇಲೆ ಗಾಲ್ಫ್ ಆಡುತ್ತಿದ್ದ.

"ಮಾವ, ಒಂದು ಹೊಡೆದು ನೋಡಿ" ಎಂದು ಕಂಟ್ರೋಲರನ್ನು ನನ್ನ ಕೈಗಿತ್ತ. ಪಿಜಿಎ ಟೂರ್ 2ಕೆ ಸರಣಿಯ ಆಟ. ಬಲಗಡೆಯ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಮುಂದಕ್ಕೆ ದೂಡಬೇಕು, ಅಷ್ಟೇ. ಎಳೆದೆ, ದೂಡಿದೆ. ಚೆಂಡು ಮೊದಲು ನೆಟ್ಟಗೆ ಹೋಗಿ, ಆಮೇಲೆ ಏನೋ ನೆನಪಾದಂತೆ ಬಲಕ್ಕೆ ತಿರುಗಿ ಮರಗಳ ನಡುವೆ ಮಾಯವಾಯಿತು. ಇಷ್ಟಾದರೂ ನನಗೆ ಅವಮಾನವಾಗಲಿಲ್ಲ, ಕುತೂಹಲವಾಯಿತು. ಗಾಲ್ಫ್ ಎಂದರೆ ನಮ್ಮ ಕಡೆಯವರಿಗೆ ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೆಯವರೆಗೂ ಪದಕದ ಆಸೆ ಹುಟ್ಟಿಸಿ ನಾಲ್ಕನೆಯವರಾದಾಗ ಒಂದು ಬೆಳಗ್ಗೆ ಎಲ್ಲರೂ ಟಿ.ವಿ. ಮುಂದೆ ಕುಳಿತಿದ್ದೆವು, ಅದು ಬಿಟ್ಟರೆ ಮಂಗಳೂರಿಗೆ ಹೋದವರು ಪಿಲಿಕುಳದಲ್ಲಿ ದೂರದಿಂದ ಒಂದು ಗಾಲ್ಫ್ ಅಂಗಳ ನೋಡಿರಬಹುದು. ಚೆಂಡು ಯಾಕೆ ಹಾಗೆ ತಿರುಗಿತು ಎಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಇಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಎಸೆದ ವಸ್ತು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಪಿಯುಸಿಯಲ್ಲಿ ಒಂದು ಸೂತ್ರ ಉರುಹೊಡೆಸುತ್ತಾರೆ, ಕೊನೆಗೆ "ಗಾಳಿಯ ತಡೆಯನ್ನು ಕಡೆಗಣಿಸಿ" ಎನ್ನುತ್ತಾರೆ. ಕಡೆಗಣಿಸಿ ನೋಡೋಣ. ಪುರುಷ ವೃತ್ತಿಪರ ಆಟಗಾರರು ದೊಡ್ಡ ಕೋಲಿನಿಂದ ಬಾರಿಸಿದ ಚೆಂಡು ಸುಮಾರಾಗಿ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ, ನೆಲಕ್ಕೆ 11 ಡಿಗ್ರಿ ಓರೆಯಲ್ಲಿ ಹೊರಡುತ್ತದೆ. ಗಾಳಿಯೇ ಇಲ್ಲದ ಜಗತ್ತಿನಲ್ಲಿ ಅದು ಹತ್ತು ಮೀಟರ್ ಎತ್ತರಕ್ಕೆ, ಅಂದರೆ ಒಂದು ಎಳೆಯ ಅಡಿಕೆ ಮರದಷ್ಟು ಮೇಲಕ್ಕೆ ಏರಿ, ಸುಮಾರು 210 ಮೀಟರ್ ದೂರದಲ್ಲಿ ಬೀಳಬೇಕು. ಗಾಳಿಯಿರುವ ನಮ್ಮ ಜಗತ್ತಿನಲ್ಲಿ ಇನ್ನೂ ಹತ್ತಿರ ಬೀಳಬೇಕಲ್ಲವೇ? ಇಲ್ಲ. ಅದು ಮೂವತ್ತು ಮೀಟರ್ ಹತ್ತಿರ ಹತ್ತಿರ ಏರಿ 250 ಮೀಟರ್ ದಾಟಿ ಬೀಳುತ್ತದೆ. ಗಾಳಿ ಚೆಂಡನ್ನು ತಡೆಯುವುದೂ ನಿಜ, ಅದಕ್ಕಿಂತ ಹೆಚ್ಚಾಗಿ ಹೊತ್ತುಕೊಂಡು ಹೋಗುವುದೂ ನಿಜ. ಈ ಲೆಕ್ಕವನ್ನು ಮೊದಲ ಬಾರಿ ಮಾಡಿದಾಗ ಎಲ್ಲೋ ತಪ್ಪಿದ್ದೇನೆ ಎಂದುಕೊಂಡು ಎರಡು ಸಲ ತಿರುಗಿಸಿ ನೋಡಿದ್ದೆ.

ಹೊರುವ ಬಲ ಗಿರಕಿಯದ್ದು. ಕೋಲಿನ ಮುಖ ಸ್ವಲ್ಪ ಮೇಲಕ್ಕೆ ಓರೆಯಾಗಿರುವುದರಿಂದ ಪೆಟ್ಟು ತಿಂದ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೊರಡುತ್ತದೆ, ನಿಮಿಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಸುತ್ತು. ಚೆಂಡಿನ ಮೇಲ್ಮೈ ತನ್ನ ಜೊತೆಗೆ ಗಾಳಿಯ ತೆಳು ಪದರವನ್ನೂ ಎಳೆದುಕೊಂಡು ತಿರುಗುವುದರಿಂದ ಹಿಂಬದಿಯಲ್ಲಿ ಗಾಳಿ ಕೆಳಮುಖವಾಗಿ ಬಿಟ್ಟುಹೋಗುತ್ತದೆ. ಗಾಳಿಯನ್ನು ಕೆಳಕ್ಕೆ ದೂಡಿದ ಚೆಂಡನ್ನು ಗಾಳಿ ಮೇಲಕ್ಕೆ ದೂಡುತ್ತದೆ. ಜರ್ಮನಿಯ ವಿಜ್ಞಾನಿ ಮಾಗ್ನಸ್ 1850ರ ದಶಕದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದರಿಂದ ಈ ಬಲಕ್ಕೆ ಅವನ ಹೆಸರೇ ನಿಂತಿದೆ. ಗಿರಕಿಯ ಅಕ್ಷ ನೆಲಕ್ಕೆ ಸಮವಾಗಿದ್ದರೆ ಚೆಂಡು ಬರೀ ಮೇಲೇರುತ್ತದೆ; ಅಕ್ಷ ಒಂದು ಬದಿಗೆ ವಾಲಿದರೆ ಅದೇ ಬಲ ಚೆಂಡನ್ನು ಆ ಬದಿಗೂ ಎಳೆಯುತ್ತದೆ. ನನ್ನ ಚೆಂಡು ಕಾಡುಪಾಲಾದದ್ದು ಹೀಗೆ.

ಗಾಲ್ಫ್ ಚೆಂಡಿಗೆ ಇದನ್ನು ಅನ್ವಯಿಸಿದವರು ಎಡಿನ್‌ಬರೋದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಗಾಲ್ಫ್ ಚಾಂಪಿಯನ್ ಆದವನು, ಆದ್ದರಿಂದ ಮನೆಯಲ್ಲೇ ಪ್ರಯೋಗಪಶು ಸಿದ್ಧವಾಗಿತ್ತು ಎನ್ನಬೇಕು. ಗಿರಕಿಯನ್ನು ಎಣಿಸುವುದು ಹೇಗೆ? ಕ್ಯಾಮೆರಾಕ್ಕೆ ಆಗಿನ್ನೂ ಆ ವೇಗವಿಲ್ಲ. ಟೇಟ್ ಚೆಂಡಿಗೆ ಒಂದು ಉದ್ದನೆಯ ತೆಳುಪಟ್ಟಿಯ ತುದಿ ಕಟ್ಟಿದರು, ಇನ್ನೊಂದು ತುದಿಯನ್ನು ನೆಲಕ್ಕೆ ಬಿಗಿದರು, ಹತ್ತಿರದ ಜೇಡಿಮಣ್ಣಿನ ಗುರಿಗೆ ಹೊಡೆಸಿದರು, ಆಮೇಲೆ ಕುಳಿತು ಪಟ್ಟಿಗೆ ಎಷ್ಟು ಹುರಿ ಬಿದ್ದಿದೆ ಎಂದು ಎಣಿಸಿದರು. ವಿಜ್ಞಾನದ ಉಪಕರಣಗಳಲ್ಲಿ ನನಗೆ ಇಷ್ಟು ಪ್ರೀತಿ ಹುಟ್ಟಿಸಿದ್ದು ಬೇರೆ ಇಲ್ಲ.

ಚೆಂಡಿನ ಮೈಮೇಲಿನ ಗುಳಿಗಳ ಕಥೆ ಇನ್ನೂ ಹಳೆಯದು. ಮೊದಲು ಚರ್ಮದ ಚೀಲದೊಳಗೆ ಹಕ್ಕಿಯ ಗರಿ ಗಿಡಿದು ತುಂಬಿದ ಚೆಂಡುಗಳಿದ್ದವು. 1848ರ ಹೊತ್ತಿಗೆ ಮಲಯ ದೇಶದ ಒಂದು ಮರದ ಹಾಲಿನಿಂದ, ಗಟ್ಟಾ ಪರ್ಚಾ ಎಂಬ ಅಂಟಿನಿಂದ, ನುಣುಪಾದ ಚೆಂಡು ಮಾಡತೊಡಗಿದರು. ನಮ್ಮ ಹಿತ್ತಿಲ ಚಿಕ್ಕು ಮರದ ಕುಟುಂಬಕ್ಕೇ ಸೇರಿದ ಮರ ಅದು. ಕಾಯಿ ಚಿಕ್ಕು ಕಚ್ಚಿದವನ ಹಲ್ಲಿಗೆ ಆ ಅಂಟಿನ ಅಂದಾಜು ಇದೆ. ಹೊಸ ಚೆಂಡು ನೋಡಲು ಚೆಂದ, ಹಾರಲು ಕಳಪೆ. ಪೆಟ್ಟು ತಿಂದು ಮೈಯೆಲ್ಲ ಗಾಯವಾದ ಹಳೆಯದೇ ದೂರ ಹೋಗುತ್ತದೆ ಎಂದು ಆಟಗಾರರಿಗೆ ಬೇಗ ತಿಳಿಯಿತು. ಆಮೇಲೆ ಹೊಸ ಚೆಂಡಿಗೇ ಸುತ್ತಿಗೆಯಿಂದ ಕಚ್ಚು ಹಾಕಿ ಮಾರತೊಡಗಿದರು. ಇಂಗ್ಲೆಂಡಿನ ವಿಲಿಯಂ ಟೇಲರ್ 1905ರಲ್ಲಿ ಗುಳಿಗಳಿಗೆ ಪೇಟೆಂಟ್ ಪಡೆದ. ಈಗ ಒಂದು ಚೆಂಡಿನ ಮೇಲೆ ಮುನ್ನೂರರಿಂದ ಐನೂರು ಗುಳಿಗಳಿರುತ್ತವೆ. ಅವಿಲ್ಲದ ನುಣುಪು ಚೆಂಡು ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬೀಳುತ್ತದೆ.

ಮಳೆಗಾಲದಲ್ಲಿ ತೋಟದ ತೋಡಿನ ಬದಿ ನಿಂತವರಿಗೆ ಇದು ಅರ್ಥವಾಗುವುದು ಸುಲಭ. ನೀರಿನ ನಡುವೆ ಒಂದು ಕಲ್ಲು ಇದ್ದರೆ ಅದರ ಹಿಂದೆ ಸುಳಿ ಸುತ್ತುವ ಒಂದು ಜಾಗವಿರುತ್ತದೆ. ಬಿದ್ದ ಅಡಿಕೆ, ಎಲೆ ಎಲ್ಲ ಅಲ್ಲೇ ಸುತ್ತುತ್ತಿರುತ್ತವೆ. ಚೆಂಡಿನ ಬೆನ್ನಿಗೂ ಗಾಳಿಯ ಅಂಥದ್ದೇ ಒಂದು ಸುಳಿಯಿದ್ದು ಅದನ್ನು ಹಿಂದಕ್ಕೆಳೆಯುತ್ತದೆ. ನುಣುಪು ಚೆಂಡಿನ ಮೈಮೇಲೆ ಗಾಳಿ ಶಿಸ್ತಾಗಿ ಹರಿದು, ಅರ್ಧದಾರಿಯಲ್ಲೇ ಮೈಬಿಟ್ಟು ಹೋಗುವುದರಿಂದ ಸುಳಿ ಅಗಲ. ಗುಳಿಗಳು ಮೈಗಂಟಿದ ಪದರವನ್ನು ಕಲಕಿಬಿಡುತ್ತವೆ. ಕಲಕಿದ ಗಾಳಿ ಹೆಚ್ಚು ಹೊತ್ತು ಚೆಂಡಿಗೆ ಅಂಟಿಕೊಂಡು ಹಿಂಬದಿಯವರೆಗೂ ಬರುತ್ತದೆ, ಸುಳಿ ಕಿರಿದಾಗುತ್ತದೆ.

ಇದಿಷ್ಟನ್ನೂ ಟಿ.ವಿ.ಗೆ ಸಿಕ್ಕಿಸಿದ ಆ ಬಿಳಿಯ ಪೆಟ್ಟಿಗೆ ಹೇಗೆ ಲೆಕ್ಕ ಹಾಕುತ್ತದೆ? ಗಿರಕಿ ಹೊಡೆಯುತ್ತಾ ಗಾಳಿಯಲ್ಲಿ ಹೋಗುವ ಚೆಂಡಿನ ಹಾದಿಗೆ ಒಂದೇ ಗುಟುಕಿನಲ್ಲಿ ಬಿಡಿಸುವ ಸೂತ್ರವಿಲ್ಲ. ಆದ್ದರಿಂದ ಸಣ್ಣ ಸಣ್ಣ ಹೆಜ್ಜೆ ಇಡಬೇಕು. ಈಗ ಚೆಂಡು ಇಲ್ಲಿದೆ, ವೇಗ ಇಷ್ಟು, ಗಿರಕಿ ಇಷ್ಟು, ಆದ್ದರಿಂದ ಬಲ ಇಷ್ಟು. ಒಂದು ಕ್ಷಣದ ತುಣುಕು ಕಳೆದ ಮೇಲೆ ಎಲ್ಲಿರುತ್ತದೆ? ಅಲ್ಲಿ ನಿಂತು ಮತ್ತೆ ಅದೇ ಪ್ರಶ್ನೆ. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಹೇಳಿಕೊಟ್ಟ ಉಪಾಯ ಇದು. ಹೆಜ್ಜೆ ದೊಡ್ಡದಾದರೆ ತಪ್ಪು ಕೂಡುತ್ತಾ ಹೋಗಿ ಚೆಂಡು ಎಲ್ಲೋ ಬೀಳುತ್ತದೆ. ಅದಕ್ಕೇ ಇಂದು ಇನ್ನೂ ಜಾಣ ವಿಧಾನಗಳಿವೆ. ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಆರೂವರೆ ಸೆಕೆಂಡಿನ ಹಾರಾಟಕ್ಕೆ ನಾನೂರು ಚಿತ್ರ ಸಾಕು. ಇಂದಿನ ಯಂತ್ರಕ್ಕೆ ಈ ಲೆಕ್ಕ ಏನೇನೂ ಅಲ್ಲ. ಹುಲ್ಲಿನ ಎಸಳು, ಮರದ ನೆರಳು ಬಿಡಿಸುವುದಕ್ಕೇ ಅದರ ಬೆವರೆಲ್ಲ ಹೋಗುತ್ತದೆ.

ಕಷ್ಟವಿರುವುದು ಹಾರಾಟದಲ್ಲಲ್ಲ, ಪೆಟ್ಟಿನಲ್ಲಿ. ಕೋಲೂ ಚೆಂಡೂ ಪರಸ್ಪರ ಮುಟ್ಟಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಪರದೆಯ ಒಂದು ಚಿತ್ರ ಇರುವ ಹೊತ್ತಿನಲ್ಲಿ ಅಂಥ ಮೂವತ್ತಮೂರು ಪೆಟ್ಟುಗಳು ಆಗಿಹೋಗಬಹುದು. ಆ ಅರ್ಧ ಮಿಲಿಸೆಕೆಂಡಿನಲ್ಲಿ 46 ಗ್ರಾಮ್ ತೂಕದ ಚೆಂಡು ಚಪ್ಪಟೆಯಾಗಿ, ಮತ್ತೆ ಉಬ್ಬಿ, ವೇಗ, ದಿಕ್ಕು, ಗಿರಕಿ ಮೂರನ್ನೂ ಪಡೆದುಕೊಳ್ಳುತ್ತದೆ. ಮನುಷ್ಯ ಗಾಲ್ಫಿಗೆ ಕೊಡುವುದು ಇಷ್ಟೇ. ಉಳಿದದ್ದೆಲ್ಲ ಗಾಳಿ, ಹುಲ್ಲು, ಇಳಿಜಾರಿನ ಪಾಲು. ಆಡುವವನಿಗೆ ಅದು ಗೊತ್ತಾಗುವುದೂ ಇಲ್ಲ. ಅಂಗೈಯ ನಡುಕ ಮಿದುಳಿಗೆ ಮುಟ್ಟಿ "ಒಳ್ಳೆಯ ಹೊಡೆತ" ಎಂದು ಅನಿಸುವಷ್ಟರಲ್ಲಿ ಚೆಂಡು ಮಾರು ದೂರ ದಾಟಿರುತ್ತದೆ. ಆಟದ ಕಂಟ್ರೋಲರ್ ಬುರ್ರೆಂದು ನಡುಗುವಾಗಲೂ ಕಥೆ ಅದೇ. ಈ ಒಂದು ವಿಷಯದಲ್ಲಿ ನನ್ನ ಹೆಬ್ಬೆರಳೂ ವೃತ್ತಿಪರ ಆಟಗಾರನ ಅಂಗೈಯೂ ಸಮಾನ ದುಃಖಿಗಳು.

ಪೆಟ್ಟಿನೊಳಗೆ ಹೆಜ್ಜೆಯಿಟ್ಟು ಲೆಕ್ಕ ಹಾಕುವ ಗೋಜಿಗೆ ಆಟ ಹೋಗುವಂತಿಲ್ಲ. ಸೂತ್ರದಿಂದ ನೇರವಾಗಿ ಫಲ ಪಡೆಯುವುದೇ ಸುಲಭ. 200 ಗ್ರಾಮ್ ತೂಕದ ಕೋಲಿನ ತಲೆ, ಪುಟಿತಕ್ಕೆ (ಹತ್ತಿರ ಬಂದ ವೇಗದಲ್ಲಿ ದೂರ ಸರಿಯುವಾಗ ಉಳಿಯುವ ಪಾಲಿಗೆ) ನಿಯಮ ಹಾಕಿರುವ 0.83ರ ಆಸುಪಾಸಿನ ಮಿತಿ, ಇವೆರಡರಿಂದ ಚೆಂಡಿನ ವೇಗ ಕೋಲಿನ ವೇಗದ ಒಂದೂವರೆ ಪಟ್ಟು ಎಂದು ಕಾಗದದ ಮೇಲೆಯೇ ಸಿಗುತ್ತದೆ. ಚೆಂಡು ಹೊರಡುವ ದಿಕ್ಕನ್ನು ಕೋಲು ಬೀಸಿದ ದಾರಿ ನಿರ್ಧರಿಸುತ್ತದೆ ಎಂದು ಹಳೆಯ ತರಬೇತುದಾರರು ಹೇಳುತ್ತಿದ್ದರು. ರಾಡಾರ್ ಹಿಡಿದು ಅಳೆದಾಗ ತಿಳಿದದ್ದು ಬೇರೆ: ಹೊರಡುವ ದಿಕ್ಕು ಬಹುಪಾಲು ಕೋಲಿನ ಮುಖದ್ದು, ಮುಖಕ್ಕೂ ಬೀಸಿಗೂ ಹೊಂದದೆ ಹೋದಾಗ ಗಿರಕಿಯ ಅಕ್ಷ ವಾಲುತ್ತದೆ. ಮುಖ ಒಂದೇ ಒಂದು ಡಿಗ್ರಿ ತಪ್ಪಿದರೂ 250 ಮೀಟರಿನಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಆಚೆ, ಬಾಗುವಿಕೆ ಬೇರೆ.

ಇಲ್ಲೇ ಆಟ ಒಂದು ಸುಳ್ಳು ಹೇಳಲೇಬೇಕಾಗುತ್ತದೆ. ನನ್ನ ಹೆಬ್ಬೆರಳಿಗೆ ಕೋಲಿನ ಭಾರವಿಲ್ಲ, ಸೊಂಟದ ತಿರುವಿಲ್ಲ. ಕಡ್ಡಿ ಎಷ್ಟು ನೆಟ್ಟಗೆ ಹೋಯಿತು, ಎಷ್ಟು ಬೇಗ ಹೋಯಿತು ಎಂಬ ಎರಡು ಅಂಶಗಳಿಂದ ಅದು ಒಂದು ಇಡೀ ಮೈಯ ಬೀಸನ್ನು ಊಹಿಸಿಕೊಳ್ಳಬೇಕು. 1984ರಲ್ಲಿ ನಿಂಟೆಂಡೊದ ಗಾಲ್ಫ್ ಆಟಕ್ಕೆ ಪ್ರೋಗ್ರಾಮ್ ಬರೆದ ಸತೋರು ಇವಾತಾ ಇದನ್ನು ಒಂದು ಪಟ್ಟಿಯಿಂದ ಬಗೆಹರಿಸಿದ್ದರು: ಪಟ್ಟಿಯ ಮೇಲೆ ಗುರುತು ಓಡುತ್ತದೆ, ಸರಿಯಾದ ಹೊತ್ತಿಗೆ ಗುಂಡಿ ಒತ್ತಿದರೆ ಬಲ, ಮತ್ತೊಮ್ಮೆ ಒತ್ತಿದರೆ ನೇರ. ಪಟ್ಟಿ ಹೋಗಿ ಕಡ್ಡಿ ಬಂದರೂ ಉಪಾಯ ಅದರದ್ದೇ ಮೊಮ್ಮಗು. ಎಷ್ಟು ತಪ್ಪಿಗೆ ಎಷ್ಟು ಶಿಕ್ಷೆ ಎಂಬುದನ್ನು ಭೌತಶಾಸ್ತ್ರ ಹೇಳುವುದಿಲ್ಲ, ಆಟ ಮಾಡಿದವರ ದಯೆ ಹೇಳುತ್ತದೆ. ಕಷ್ಟದ ಮಟ್ಟ ಬದಲಾಯಿಸಿದಾಗ ಬದಲಾಗುವುದು ಬಹುಮಟ್ಟಿಗೆ ಆ ದಯೆಯೇ. ಅಳಿಯ ಅದನ್ನು ಏನೂ ಇಲ್ಲದಂತೆ ಇಟ್ಟುಕೊಂಡು ಆಡುತ್ತಿದ್ದ ಎಂದು ನನಗೆ ಸಂಜೆ ತಿಳಿಯಿತು. ಮೊದಲೇ ಹೇಳಬಹುದಿತ್ತು.

ಅಷ್ಟರಲ್ಲಿ ಭಾವ ಬಂದು ಕುಳಿತರು. ಅವರು ಕಂಟ್ರೋಲರ್ ಮುಟ್ಟಲಿಲ್ಲ, ಆದರೆ ಕೋಲಿನ ಬಗ್ಗೆ ವಿಚಾರಿಸಿದರು. ದಂಡ ಕಾರ್ಬನ್ ಫೈಬರಿನದ್ದು ಎಂದಾಗ ಕೊಟ್ಟಿಗೆಯ ಕಡೆ ಗಲ್ಲ ತೋರಿಸಿ ನಕ್ಕರು. ಮರ ಹತ್ತುವವರು ಸಿಗದ ಈ ಕಾಲದಲ್ಲಿ ನಿಂತಲ್ಲಿಂದಲೇ ಅಡಿಕೆ ಗೊನೆ ಇಳಿಸಲು, ಮದ್ದು ಬಿಡಲು ಅವರು ತಂದ ದೋಟಿಯೂ ಅದೇ ವಸ್ತುವಿನದು. ಹಗುರವಾಗಿದ್ದೂ ಸುಲಭಕ್ಕೆ ಬಾಗದ ಗುಣಕ್ಕೇ ಎರಡೂ ಕಡೆ ಬೆಲೆ. ಗಾಳಿಯ ವಿಷಯದಲ್ಲಿ ಅವರು ನಮಗಿಂತ ಬಲ್ಲವರು. ಎದುರುಗಾಳಿ ಚೆಂಡಿನಿಂದ ಕಿತ್ತುಕೊಳ್ಳುವಷ್ಟನ್ನು ಹಿಂಗಾಳಿ ಕೊಡುವುದಿಲ್ಲ ಎಂದು ಅಳಿಯ ಹೇಳಿದಾಗ "ಮತ್ತೆ?" ಎಂದರು, ಅದು ಹೊಸ ಸುದ್ದಿಯೇ ಅಲ್ಲ ಎಂಬಂತೆ. ಮಳೆಯ ದಿನ ಗಾಳಿ ಭಾರ ಎಂಬ ಅವರ ಮಾತನ್ನು ಮಾತ್ರ ನಾನು ಒಪ್ಪಲಿಲ್ಲ. ನೀರಾವಿಯ ಅಣು ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ; ಅದೇ ಉಷ್ಣತೆ, ಅದೇ ಒತ್ತಡದಲ್ಲಿ ತೇವದ ಗಾಳಿ ಒಣಗಾಳಿಗಿಂತ ಒಂದು ಕೂದಲೆಳೆಯಷ್ಟು ಹಗುರವೇ. ಮಳೆಯಲ್ಲಿ ಆಟಗಾರ ಸೋಲುವುದು ಒದ್ದೆ ಹುಲ್ಲಿಗೆ, ಕೋಲಿನ ಮುಖಕ್ಕೂ ಚೆಂಡಿಗೂ ನಡುವೆ ನುಗ್ಗಿ ಗಿರಕಿಯನ್ನು ಕದಿಯುವ ನೀರಿಗೆ. ಭಾವ ನಂಬಿದಂತೆ ಕಾಣಲಿಲ್ಲ.

ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಚೆಂಡು ಉರುಳಿಸುವಾಗ ಮಾತ್ರ ಅವರ ಕಣ್ಣು ಪರದೆಗೆ ನೆಟ್ಟಿತು. 108 ಮಿಲಿಮೀಟರ್ ಅಗಲದ ಕುಳಿ, 43 ಮಿಲಿಮೀಟರಿನ ಚೆಂಡು. ಪೆಟ್ಟು ತಿಂದ ಚೆಂಡು ಮೊದಲು ಜಾರುತ್ತದೆ, ಹುಲ್ಲಿನ ಘರ್ಷಣೆ ಅದನ್ನು ಹಿಡಿದು ತಿರುಗಿಸಿದ ಮೇಲೆಯೇ ಉರುಳುತ್ತದೆ. ಗಿರಕಿಯಿಲ್ಲದೆ ಹೊರಟದ್ದಾದರೆ ಪೂರ್ತಿ ಉರುಳತೊಡಗುವಾಗ ಏಳರಲ್ಲಿ ಐದು ಪಾಲು ವೇಗವಷ್ಟೇ ಉಳಿದಿರುತ್ತದೆ. ಆಮೇಲೆ ಇಳಿಜಾರಿನದ್ದೇ ದರಬಾರು, ಅದೂ ಕೊನೆಯಲ್ಲಿ. ವೇಗ ತಗ್ಗಿದಷ್ಟೂ ಬಾಗು ಹೆಚ್ಚು. ಅಡಿಕೆ ಒಣಗಿಸುವ ಅಂಗಳದಲ್ಲಿ ಗೋಲಿಯಾಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ನಿಲ್ಲದಿರಲೆಂದು ಅಂಗಳಕ್ಕೆ ಕಣ್ಣಿಗೆ ಕಾಣದಷ್ಟು ಓರೆ ಕೊಟ್ಟಿರುತ್ತಾರೆ. ಆ ಓರೆ ಗೋಲಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. "ಇನ್ನೂ ಸ್ವಲ್ಪ ಮೇಲಿನಿಂದ ಬಿಡು" ಎಂದರು ಭಾವ. ಮಗ ಅವರ ಮಾತು ಕೇಳದೆ ಹೊಡೆದ. ಚೆಂಡು ಕುಳಿಯ ಕೆಳಗಿನಿಂದ ಜಾರಿಹೋಯಿತು.

ಸಂಜೆ ಅವನು ಇನ್ನೊಂದು ಚಮತ್ಕಾರ ತೋರಿಸಿದ. ಸ್ವಂತ ಮೈದಾನ ಕಟ್ಟುವ ಸೌಲಭ್ಯ ಆ ಆಟದಲ್ಲೇ ಇದೆ. ಬೆರಳ ತುದಿಯಲ್ಲಿ ನೆಲ ಎತ್ತಿ, ಇಳಿಸಿ, ಮನೆಯ ಹಿಂದಿನ ಪದವನ್ನು, ಅಂದರೆ ಮುರಕಲ್ಲಿನ ಬೋಳುಗುಡ್ಡೆಯನ್ನು, ಮಾಡತೊಡಗಿದ. ತೂತು ತೂತಾದ ಕೆಂಪು ಮುರಕಲ್ಲು ಸಿಗಲಿಲ್ಲ, ಬೂದುಬಂಡೆ ಹಾಕಿದ. ಅಡಿಕೆ ಮರ ಸಿಗಲಿಲ್ಲ, ಸಮುದ್ರತೀರದ ಯಾವುದೋ ತಾಳೆ ನೆಟ್ಟ. ಮುರಕಲ್ಲಿನ ಮೇಲೆ ಬಿದ್ದ ಚೆಂಡು ಹೇಗೆ ಪುಟಿಯುತ್ತದೆ, ಆ ತೂತುಗಳಲ್ಲಿ ಒಂದಕ್ಕೆ ತಾಗಿದರೆ ಯಾವ ಕಡೆ ಹಾರುತ್ತದೆ ಎಂಬುದಕ್ಕೆ ಯಾವ ಸೂತ್ರ ಹಾಕಬೇಕೆಂದು ನಾವಿಬ್ಬರೂ ಚರ್ಚಿಸುತ್ತಾ ಕುಳಿತೆವು. ಕೊನೆಗೆ ತೋಡಿನ ಈಚೆ ದಡದಲ್ಲಿ ಒಂದು ಬಾವುಟ ಊರಿ, ಮೊದಲ ಚೆಂಡಿಗೆ ಸಿದ್ಧನಾದ.

ಪರದೆಯ ಮೂಲೆಯಲ್ಲಿ ಗಾಳಿಯ ಬಾಣ ಮೂಡಿತು. ಭಾವ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದರು.

"ಮಳೆಗಾಲ ಅಲ್ಲವೇ? ಗಾಳಿ ಪಡುವಣದಿಂದ ಬರಬೇಕು. ತಿರುಗಿಸು ಅದನ್ನು."